ಒಂದು ನಿಮಿಷದ ಉಸಿರೆಣಿಕೆ

ವಾರಾಹಿ ದಂಡೆಯ ಹಟ್ಟಿಯಂಗಡಿ ಎಂದರೆ ಹೊರಗಿನವರಿಗೆ ಸಿದ್ಧಿವಿನಾಯಕನ ಊರು. ಕುಂದಾಪುರ ಕಡೆಯ ಬೇರೆ ಊರುಗಳಂತೆ ಇಲ್ಲೂ ಮನೆಗೆ ಮನೆ ಅಂಟಿಕೊಂಡಿರುವುದಿಲ್ಲ. ಗದ್ದೆ, ತೋಟದ ನಡುವೆ ಒಂದೊಂದು ಮನೆ. ಬಾಣಂತಿಯನ್ನು ನೋಡಲು ಹೊರಟ ಆಶಾ ಕಾರ್ಯಕರ್ತೆಗೆ ಮಳೆಗಾಲದಲ್ಲಿ ಜಾರುವ ಗದ್ದೆಯಂಚೇ ದಾರಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೇ ದಿನ ಅವರು ಬರಬೇಕು. ಕೈತೊಳೆದು ಮಗುವನ್ನು ಜೋಲಿಯಲ್ಲಿ ತೂಗಿ, ಕಂಕುಳಲ್ಲಿ ಥರ್ಮಾಮೀಟರ್ ಇಟ್ಟ ಮೇಲೆ ನಿಜವಾದ ಕೆಲಸ: ಮಗು ಅಳದೆ ಮಲಗಿರುವಾಗ ಎದೆಯ ಏರಿಳಿತವನ್ನು ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸುವುದು. ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡುವಂತಿಲ್ಲ, ಎಳೆಗೂಸಿನ ಉಸಿರು ಒಂದೇ ಲಯದಲ್ಲಿರುವುದಿಲ್ಲ. ಎಣಿಕೆ 60 ಅಥವಾ ಅದಕ್ಕಿಂತ ಹೆಚ್ಚಾಗಿ, ಮತ್ತೆ ಎಣಿಸಿದರೂ ಅಷ್ಟೇ ಬಂದರೆ ತಡಮಾಡದೆ ಆಸ್ಪತ್ರೆಗೆ.

ಮನೆಗೇ ಬಂದು ಮಗುವನ್ನು ನೋಡುವ ಈ ಪದ್ಧತಿಯ ಬೇರು ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿದೆ. ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ಮನೆಮನೆಗೆ ಕಳಿಸಿದಾಗ ನವಜಾತ ಶಿಶುಗಳ ಸಾವು ಶೇಕಡ 62ರಷ್ಟು ಇಳಿಯಿತೆಂದು ವೈದ್ಯ ಅಭಯ್ ಬಂಗ್ ಅವರ ತಂಡ 1999ರಲ್ಲಿ ಪ್ರಕಟಿಸಿತು. 2011ರಲ್ಲಿ ಅದು ದೇಶದ ಕಾರ್ಯಕ್ರಮವಾಯಿತು.

ಗಡ್‌ಚಿರೋಲಿಯಲ್ಲಿ ಆಗ ಹೆರಿಗೆ ಮನೆಯಲ್ಲೇ ಆಗುತ್ತಿತ್ತು, ಆಸ್ಪತ್ರೆಗೇ ಹೋಗುವ ಉಡುಪಿ ಜಿಲ್ಲೆಗೆ ಇದೇಕೆ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೆ ಸಹಜ ಹೆರಿಗೆಯಾದವರು ಎರಡು ದಿನಕ್ಕೇ ಮನೆ ಸೇರುತ್ತಾರೆ. ನಂಜು, ಕಾಮಾಲೆ, ಹಾಲು ಎಳೆಯದಿರುವುದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಆಮೇಲೆಯೇ. ಮನೆಯಲ್ಲಿ ಅಜ್ಜಿ ಇಲ್ಲವೇ ಎನ್ನುವವರೂ ಉಂಟು. ಅಜ್ಜಿಯ ಆರೈಕೆಗೆ ಸಾಟಿಯಿಲ್ಲ, ಒಪ್ಪಿದೆ. ಆದರೆ ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿದರೆ ಮೈ ಬೇಗ ತಣ್ಣಗಾಗುತ್ತದೆ. ಆ ತೂಕವನ್ನು ಯಾರಾದರೂ ನೋಡಿ ಹೇಳಬೇಕು. ಫೋನಿನಲ್ಲಿ ವಿಚಾರಿಸಿದರೆ ತೂಕ ಸಿಗುವುದಿಲ್ಲ.

ಈ ಆರೂ ಭೇಟಿಗೆ ಸೇರಿ ಗೊತ್ತುಮಾಡಿದ ಪ್ರೋತ್ಸಾಹಧನ 250 ರೂಪಾಯಿ. ಅದಕ್ಕೂ ಮಾರ್ಗಸೂಚಿ ಷರತ್ತು ಹಾಕಿತು: ತೂಕ ದಾಖಲಾಗಿರಬೇಕು, ಜನನ ನೋಂದಣಿ, ಲಸಿಕೆ ಆಗಿರಬೇಕು, 42ನೇ ದಿನ ತಾಯಿ ಮಗು ಕ್ಷೇಮವಾಗಿರಬೇಕು. ತಪ್ಪದೆ ಹೋಗಿಬಂದರೂ ಮಗು ಉಳಿಯದಿದ್ದರೆ ಆ ನಡಿಗೆಗೆ ಬೆಲೆಯಿಲ್ಲವೇ? ಇದು ಅನ್ಯಾಯ. ಕೂಲಿಯನ್ನು ಕೆಲಸಕ್ಕೆ ಕೊಡಬೇಕೇ ಹೊರತು ಅದೃಷ್ಟಕ್ಕಲ್ಲ.

ಇನ್ನೊಂದು ತೊಡಕು ನಮ್ಮ ಕಡೆಯದೇ. ಬಾಣಂತನ ತವರಿನಲ್ಲಿ. 2018ರ ಮುಂದುವರಿದ ಕಾರ್ಯಕ್ರಮದಂತೆ 3ನೇ ತಿಂಗಳಿಂದ 15ನೇ ತಿಂಗಳವರೆಗೆ ಮತ್ತೆ ಐದು ಭೇಟಿ ಇವೆ. ಅಷ್ಟರಲ್ಲಿ ಮಗು ಗಂಡನ ಮನೆಗೋ, ಬೆಂಗಳೂರು, ಮುಂಬಯಿಗೋ ಹೋಗಿರುತ್ತದೆ. ಇಲ್ಲಿ ಆರು ಸಲ ತೂಗಿ ಬರೆದ ತಾಯಿ ಕಾರ್ಡನ್ನು ಕೇಳಿ ನೋಡುವವರು ಅಲ್ಲಿನ ಬಾಡಿಗೆ ಮನೆಗೆ ಬರುತ್ತಾರೆಂಬ ಖಾತ್ರಿ ಮಾತ್ರ ಯಾರಿಗೂ ಇಲ್ಲ.