ಸೇತುವೆ ಯಾಕೆ ಓಲಾಡಿತು?

2000ದ ಜೂನ್ 10. ಲಂಡನ್ನಿನ ಥೇಮ್ಸ್ ನದಿಯ ಮೇಲೆ ಮಿಲೇನಿಯಂ ಸೇತುವೆ ತೆರೆದ ದಿನ. ನಡೆಯುವವರಿಗೆಂದೇ ಕಟ್ಟಿದ್ದು. ಜನ ಕಿಕ್ಕಿರಿದರು, ಸೇತುವೆ ಅಕ್ಕಪಕ್ಕಕ್ಕೆ ತೂಗತೊಡಗಿತು. ಎರಡೇ ದಿನಕ್ಕೆ ಮುಚ್ಚಬೇಕಾಯಿತು.

ಭಾರ ಹೆಚ್ಚಾಯಿತೇ? ಅಲ್ಲ.

ತೆಪ್ಪದಲ್ಲಿ ನಿಂತದ್ದು ನೆನಪಿದೆಯಾ? ಅದು ವಾಲಿದರೆ ಕಾಲು ಅಗಲಿಸುತ್ತೇವೆ. ಇಲ್ಲೂ ಹಾಗೇ. ನೆಲ ಒಂಚೂರು ಸರಿದಾಗ ಎಲ್ಲರೂ ಬೀಳದಂತೆ ಕಾಲೂರಿದರು. ಆ ಒತ್ತು ಸೇತುವೆ ಸರಿಯುವ ದಿಕ್ಕಿಗೇ ಬಿತ್ತು. ಎಂಜಿನಿಯರುಗಳು ಅದೇ ಸೇತುವೆಯ ಮೇಲೆ ಜನರನ್ನು ನಡೆಸಿ ಅಳೆದರು: ಸೇತುವೆ ಸರಿಯುವ ವೇಗ ಎಷ್ಟೋ, ಒತ್ತೂ ಅಷ್ಟಷ್ಟೇ ಹೆಚ್ಚು.

ಈಗ ಓಲಾಟದ ಸಮೀಕರಣಕ್ಕೆ ಬನ್ನಿ. ವೇಗಕ್ಕೆ ತಕ್ಕಂತೆ ಎದುರು ನಿಂತು ಕಂಪನವನ್ನು ಅಡಗಿಸುವ ಪದವೇ ಡ್ಯಾಂಪಿಂಗ್. ಪ್ರತಿಯೊಬ್ಬರ ಹೆಜ್ಜೆಯೂ ಅದರಿಂದ ಒಂದಿಷ್ಟು ಕಳೆಯುತ್ತದೆ. ಉಳಿದದ್ದು ಸೊನ್ನೆಗಿಂತ ಮೇಲಿದ್ದರೆ ಓಲಾಟ ತಾನಾಗಿ ಆರುತ್ತದೆ. ಕೆಳಗಿಳಿದರೆ ಬೆಳೆಯುತ್ತಲೇ ಹೋಗುತ್ತದೆ. ನನಗೆ ಬೆರಗೆನಿಸುವುದು ಇಲ್ಲೇ: ನೂರಾರು ಜನ ನಡೆದಾಗ ಸುಮ್ಮನಿದ್ದ ಸೇತುವೆಗೆ, ಓಲಾಡಲು ಇನ್ನು ಕೆಲವೇ ಜನ ಸೇರಿದರೆ ಸಾಕು.

ಹಾಗಾಗಿ ಸೇತುವೆಯನ್ನು ದಪ್ಪಗೆ ಮಾಡಲಿಲ್ಲ, ಡ್ಯಾಂಪಿಂಗನ್ನೇ ಹೆಚ್ಚಿಸಿದರು. ದ್ರವ ತುಂಬಿದ 37 ಡ್ಯಾಂಪರುಗಳು, ಜೊತೆಗೆ ಸ್ಪ್ರಿಂಗಿಗೆ ಕಟ್ಟಿದ ತೂಕಗಳು. 2002ರ ಫೆಬ್ರವರಿಯಲ್ಲಿ ಸೇತುವೆ ಮತ್ತೆ ತೆರೆಯಿತು.