ನಾಯಿಗಳ ವಂಶಾವಳಿ ಸಂಶೋಧನೆ

ನಾಯಿಗಳ ವಂಶಾವಳಿ ಸಂಶೋಧನೆ ಎಂದರೆ ಶುದ್ಧತಳಿಯ ನಾಯಿಯೊಂದರ ತಂದೆ, ತಾಯಿ, ಅಜ್ಜ, ಅಜ್ಜಿ ಮೊದಲಾದ ಪೂರ್ವಜರನ್ನು ದಾಖಲೆಗಳ ನೆರವಿನಿಂದ ಗುರುತಿಸಿ, ಅವುಗಳ ನಡುವಣ ರಕ್ತಸಂಬಂಧವನ್ನು ಅಳೆಯುವ ಕಾರ್ಯ. ಹಿಂದೆ ಶ್ವಾನಸಂಘಗಳು ಮುದ್ರಿಸುತ್ತಿದ್ದ ವಂಶಪುಸ್ತಕಗಳನ್ನು ತಿರುವಿ ಹಾಕಿ ಮಾಡುತ್ತಿದ್ದ ಈ ಕೆಲಸ ಈಗ ಬಹುಮಟ್ಟಿಗೆ ಡೇಟಾಬೇಸ್ ಎಂದು ರೂಢಿಯಲ್ಲಿರುವ ಅಂತರಜಾಲ ದತ್ತಸಂಚಯಗಳ ಮೂಲಕ ನಡೆಯುತ್ತದೆ. ಮರಿ ಕೊಳ್ಳುವವರು, ನಾಯಿ ಸಾಕಣೆದಾರರು, ಪಶುವೈದ್ಯರು ಮತ್ತು ತಳಿವಿಜ್ಞಾನಿಗಳು ಇದರ ಮುಖ್ಯ ಬಳಕೆದಾರರು. ಕರ್ನಾಟಕದಲ್ಲಿ ಈ ವಿಷಯವು ಮುಧೋಳ ನಾಯಿಯ ಸಂರಕ್ಷಣೆಯೊಂದಿಗೆ ನೇರ ಸಂಬಂಧ ಹೊಂದಿದೆ.

ವಂಶಾವಳಿ ಪತ್ರ

ನಾಯಿಯ ವಂಶಾವಳಿ ಪತ್ರದಲ್ಲಿ ಅದರ ನೋಂದಾಯಿತ ಹೆಸರು, ನೋಂದಣಿ ಸಂಖ್ಯೆ, ತಳಿ, ಲಿಂಗ, ಬಣ್ಣ, ಹುಟ್ಟಿದ ದಿನಾಂಕ ಹಾಗೂ ಸಾಕಣೆದಾರರ ಹೆಸರು ಇರುತ್ತವೆ. ಅದರ ಜೊತೆಗೆ ಸಾಮಾನ್ಯವಾಗಿ ಮೂರರಿಂದ ಐದು ತಲೆಮಾರುಗಳ ಪೂರ್ವಜರ ಪಟ್ಟಿ ಇರುತ್ತದೆ. ಪಟ್ಟಿಯ ಪ್ರತಿ ಕವಲಿನಲ್ಲಿ ಮೇಲಿನ ಮನೆ ತಂದೆಗೆ, ಕೆಳಗಿನ ಮನೆ ತಾಯಿಗೆ ಮೀಸಲು. ಹಿಂದಕ್ಕೆ ಹೋದಂತೆಲ್ಲ ಮನೆಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಐದು ತಲೆಮಾರುಗಳಲ್ಲಿ 2, 4, 8, 16, 32 ಎಂದು ಒಟ್ಟು 62 ಪೂರ್ವಜರಾಗುತ್ತಾರೆ. ಹತ್ತನೆಯ ತಲೆಮಾರು ಒಂದರಲ್ಲಿಯೇ 1024 ಮನೆಗಳಿರುತ್ತವೆ.

ನಾಯಿಯನ್ನು ಮನೆಯಲ್ಲಿ ಕರೆಯುವ ಹೆಸರು ಬೇರೆ, ನೋಂದಾಯಿತ ಹೆಸರು ಬೇರೆ. ನೋಂದಾಯಿತ ಹೆಸರಿನಲ್ಲಿ ಹಲವು ಸಲ ಸಾಕಣೆ ಕೇಂದ್ರದ ಹೆಸರೂ ಮನೆತನದ ಹೆಸರಿನಂತೆ ಸೇರಿರುತ್ತದೆ. ಹೀಗಾಗಿ ಹೆಸರನ್ನು ನೋಡಿದೊಡನೆ ನಾಯಿ ಎಲ್ಲಿ ಹುಟ್ಟಿತೆಂಬುದನ್ನು ಊಹಿಸಬಹುದು.

ಇತಿಹಾಸ

ನಾಯಿಗಳ ವ್ಯವಸ್ಥಿತ ನೋಂದಣಿ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ನೆಲೆಗೊಂಡಿತು. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾಯಿತು. ಮರುವರ್ಷ ಅದರ ಮೊದಲ ವಂಶಪುಸ್ತಕ ಪ್ರಕಟವಾಯಿತು. ಅಮೆರಿಕದ ಕೆನಲ್ ಕ್ಲಬ್ 1884ರಲ್ಲಿಯೂ, ಹಲವು ದೇಶಗಳ ಶ್ವಾನಸಂಘಗಳ ಒಕ್ಕೂಟವಾದ ಎಫ್‌ಸಿಐ 1911ರಲ್ಲಿಯೂ ಆರಂಭವಾದವು. ಭಾರತದಲ್ಲಿ ಚೆನ್ನೈಯಲ್ಲಿ ಕೇಂದ್ರ ಕಚೇರಿಯುಳ್ಳ ಕೆನಲ್ ಕ್ಲಬ್ ಆಫ್ ಇಂಡಿಯಾ ನೋಂದಣಿ ಕಾರ್ಯ ನಡೆಸುತ್ತದೆ.

ಒಂದು ತಳಿಯ ದಾಖಲೆ ಹೇಗೆ ಆರಂಭವಾಗುತ್ತದೆ ಎಂಬುದಕ್ಕೆ ಜರ್ಮನ್ ಶೆಫರ್ಡ್ ಒಳ್ಳೆಯ ನಿದರ್ಶನ. 1899ರಲ್ಲಿ ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಈ ತಳಿಯ ಸಂಘವನ್ನು ಕಟ್ಟಿದನು. ಅದರ ವಂಶಪುಸ್ತಕದಲ್ಲಿ ಹೋರಾಂಡ್ ಫಾನ್ ಗ್ರಾಫ್ರಾತ್ ಎಂಬ ಗಂಡುನಾಯಿಗೆ ಮೊದಲನೆಯ ಸಂಖ್ಯೆ ದೊರೆಯಿತು. ಆ ನಾಯಿಯ ಮೊದಲಿನ ಹೆಸರು ಹೆಕ್ಟರ್ ಲಿಂಕ್ಸ್‌ರೈನ್. ಕೊಂಡವನು ಅದನ್ನು ಬದಲಿಸಿದನು. ಹೆಸರು ಬದಲಾದ ಸಂಗತಿ ತಿಳಿಯದವರು ಒಂದೇ ನಾಯಿಯನ್ನು ಎರಡೆಂದು ಎಣಿಸುವ ಅಪಾಯವಿದೆ. ಇಂದಿನ ದತ್ತಸಂಚಯಗಳಲ್ಲಿಯೂ ಇದೇ ಬಗೆಯ ದೋಷ ಆಗಾಗ ಕಂಡುಬರುತ್ತದೆ.

ಅಂತರಜಾಲ ದತ್ತಸಂಚಯಗಳು

ಮುದ್ರಿತ ಪತ್ರದಲ್ಲಿ ಒಂದು ನಾಯಿಯ ಪೂರ್ವಜರು ಮಾತ್ರ ಕಾಣುತ್ತಾರೆ. ದತ್ತಸಂಚಯದಲ್ಲಿ ಪ್ರತಿ ನಾಯಿಗೂ ಒಂದೇ ದಾಖಲೆಯಿದ್ದು, ಅದನ್ನು ತಂದೆತಾಯಿಗಳ ದಾಖಲೆಗೆ ಜೋಡಿಸಲಾಗಿರುತ್ತದೆ. ಆದ್ದರಿಂದ ಪೂರ್ವಜರ ಕಡೆಗೆ ಮಾತ್ರವಲ್ಲದೆ ಸಂತತಿ, ಒಡಹುಟ್ಟು ಮತ್ತು ದಾಯಾದಿಗಳ ಕಡೆಗೂ ಹುಡುಕಬಹುದು. ಇವುಗಳಲ್ಲಿ ಮೂರು ಬಗೆಗಳಿವೆ.

ಮೊದಲನೆಯವು ನೋಂದಣಿ ಸಂಸ್ಥೆಗಳೇ ನಡೆಸುವ ದತ್ತಸಂಚಯಗಳು. ಬ್ರಿಟನ್ನಿನ ಕೆನಲ್ ಕ್ಲಬ್ 2011ರಲ್ಲಿ ಆರಂಭಿಸಿದ ಸೇವೆಯೊಂದು, ಉದ್ದೇಶಿತ ಜೋಡಿಯ ಮರಿಗಳಲ್ಲಿ ರಕ್ತಸಂಬಂಧ ಎಷ್ಟಿರುತ್ತದೆಂದು ಮುಂಗಡವಾಗಿ ಲೆಕ್ಕಹಾಕಲು ಅವಕಾಶ ನೀಡಿತು. ಎರಡನೆಯವು ತಳಿಪ್ರಿಯರು ತಾವೇ ಮಾಹಿತಿ ತುಂಬುವ ಸಂಚಯಗಳು. ಗೋಲ್ಡನ್ ರಿಟ್ರೀವರ್ ಮತ್ತು ಲ್ಯಾಬ್ರಡಾರ್ ತಳಿಗಳಿಗೆ ಮೀಸಲಾದ ಕೆ9ಡೇಟಾ ಈ ಬಗೆಯದು. ಮೂರನೆಯವು ಆರೋಗ್ಯ ದಾಖಲೆಗಳು. ಅಮೆರಿಕದಲ್ಲಿ 1966ರಲ್ಲಿ ಸ್ಥಾಪನೆಯಾದ ಒಎಫ್ಎ ಎಂಬ ಪ್ರತಿಷ್ಠಾನವು ನಾಯಿಗಳ ಸೊಂಟದ ಕೀಲು, ಮೊಣಕೈ, ಕಣ್ಣು, ಹೃದಯ ಮೊದಲಾದವುಗಳ ಪರೀಕ್ಷಾ ಫಲಿತಾಂಶಗಳನ್ನು ಹುಡುಕಲು ಬರುವಂತೆ ಇರಿಸಿದೆ. ಮೊದಲ ಎರಡು ಬಗೆಯವು ಯಾರ ಮರಿ ಎಂಬುದನ್ನು ತಿಳಿಸಿದರೆ, ಮೂರನೆಯದು ಆ ಕುಲದಲ್ಲಿ ಯಾವ ರೋಗ ಹರಿದು ಬಂದಿದೆ ಎಂಬುದನ್ನು ತಿಳಿಸುತ್ತದೆ.

ಹುಡುಕುವ ಕ್ರಮ

ಹುಡುಕಾಟವನ್ನು ಕರೆಯುವ ಹೆಸರಿಗಿಂತ ನೋಂದಣಿ ಸಂಖ್ಯೆಯಿಂದ ಆರಂಭಿಸುವುದು ಉತ್ತಮ. ಚರ್ಮದಡಿ ಮೈಕ್ರೋಚಿಪ್ ಅಳವಡಿಸಿದ ನಾಯಿಯಾದರೆ, ಯಂತ್ರ ತೋರಿಸುವ 15 ಅಂಕಿಗಳ ಸಂಖ್ಯೆಯು ಪತ್ರದಲ್ಲಿರುವ ಸಂಖ್ಯೆಯೊಂದಿಗೆ ಹೊಂದಬೇಕು. ಹೊಂದದಿದ್ದರೆ ಪತ್ರವು ಆ ನಾಯಿಯದೆಂದು ಹೇಳಲಾಗದು.

ಅನಂತರ ದಿನಾಂಕಗಳನ್ನು ತಾಳೆ ನೋಡಬೇಕು. ಹೆಣ್ಣುನಾಯಿಯ ಗರ್ಭಾವಧಿ ಸುಮಾರು 63 ದಿನ. ಒಂದೇ ತಾಯಿಯ ಹೆಸರಿನಲ್ಲಿ ಒಂದು ತಿಂಗಳ ಅಂತರದಲ್ಲಿ ಎರಡು ಸೂಲುಗಳು ದಾಖಲಾಗಿದ್ದರೆ ಅವುಗಳಲ್ಲಿ ಒಂದು ತಪ್ಪಾಗಿರಲೇಬೇಕು. ಮರಿ ಹುಟ್ಟಿದಾಗ ತಾಯಿಗೆ ಐದೇ ತಿಂಗಳಾಗಿದ್ದರೆ ಆ ದಾಖಲೆಯೂ ನಂಬಲರ್ಹವಲ್ಲ. ಬಣ್ಣದ ಅನುವಂಶೀಯತೆಯೂ ನೆರವಿಗೆ ಬರುತ್ತದೆ. ಲ್ಯಾಬ್ರಡಾರ್ ತಳಿಯಲ್ಲಿ ತಂದೆತಾಯಿಗಳೆರಡೂ ಹಳದಿಯಾಗಿದ್ದರೆ ಮರಿಗಳು ಕಪ್ಪಾಗಿ ಹುಟ್ಟುವುದಿಲ್ಲ. ಕಪ್ಪು ಮರಿಯಿದ್ದಲ್ಲಿ ತಂದೆಯ ಹೆಸರನ್ನು ಸಂಶಯಿಸಬೇಕಾಗುತ್ತದೆ.

ಬೆದೆಯ ಕಾಲದಲ್ಲಿ ಒಂದಕ್ಕಿಂತ ಹೆಚ್ಚು ಗಂಡುಗಳು ಕೂಡಿದ್ದರೆ ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆ ಇರಲು ಸಾಧ್ಯ. ಇಂತಹ ಸಂದರ್ಭದಲ್ಲಿ ಡಿಎನ್ಎ ಪರೀಕ್ಷೆಯೊಂದೇ ನಿರ್ಣಾಯಕ.

ಒಳಸಂಬಂಧದ ಗುಣಾಂಕ

ವಂಶಾವಳಿಯಿಂದ ಪಡೆಯುವ ಅತ್ಯಂತ ಉಪಯುಕ್ತ ಸಂಖ್ಯೆ ಒಳಸಂಬಂಧದ ಗುಣಾಂಕ. ಇದರ ಲೆಕ್ಕವನ್ನು ಅಮೆರಿಕದ ತಳಿವಿಜ್ಞಾನಿ ಸ್ಯೂಯಲ್ ರೈಟ್ 1922ರಲ್ಲಿ ನಿರೂಪಿಸಿದನು. ಪ್ರಾಣಿಯೊಂದು ತಂದೆಯಿಂದಲೂ ತಾಯಿಯಿಂದಲೂ ಪಡೆದ ಜೀನಿನ ಎರಡು ಪ್ರತಿಗಳು ಒಬ್ಬನೇ ಪೂರ್ವಜನ ಒಂದೇ ಪ್ರತಿಯಿಂದ ಬಂದಿರುವ ಸಂಭವವನ್ನು ಇದು ಸೂಚಿಸುತ್ತದೆ.

ಲೆಕ್ಕದ ಬಗೆ ಸರಳವಾಗಿದೆ. ಒಂದು ಮರಿಯ ತಂದೆ ಮತ್ತು ತಾಯಿ ಒಂದೇ ಗಂಡುನಾಯಿಗೆ, ಬೇರೆ ಬೇರೆ ಹೆಣ್ಣುಗಳಲ್ಲಿ ಹುಟ್ಟಿದವು ಎಂದಿಟ್ಟುಕೊಳ್ಳಬಹುದು. ತಂದೆಯಿಂದ ಆ ಅಜ್ಜನವರೆಗೆ ಒಂದು ಮೆಟ್ಟಿಲು, ತಾಯಿಯಿಂದ ಅದೇ ಅಜ್ಜನವರೆಗೆ ಒಂದು ಮೆಟ್ಟಿಲು. ಎರಡನ್ನೂ ಕೂಡಿಸಿ ಅದಕ್ಕೆ ಒಂದನ್ನು ಸೇರಿಸಿದರೆ 3. ಅರ್ಧವನ್ನು ಮೂರು ಬಾರಿ ಇಟ್ಟು ಗುಣಿಸಿದರೆ ಎಂಟನೆಯ ಒಂದು ಭಾಗ, ಅಂದರೆ ಶೇ. 12.5 ದೊರೆಯುತ್ತದೆ. ಸಮಾನ ಪೂರ್ವಜರು ಹಲವರಿದ್ದರೆ ಪ್ರತಿಯೊಬ್ಬರ ಪಾಲನ್ನೂ ಕೂಡಿಸಬೇಕು. ಪೂರ್ಣ ಒಡಹುಟ್ಟುಗಳ ಮರಿಗಳಿಗೆ ಇದು ಶೇ. 25, ಒಡಹುಟ್ಟುಗಳ ಮಕ್ಕಳು ಕೂಡಿ ಹುಟ್ಟಿದ ಮರಿಗಳಿಗೆ ಶೇ. 6.25. ಪೂರ್ವಜರೇ ಒಳಸಂಬಂಧದಿಂದ ಹುಟ್ಟಿದವರಾದರೆ ಗುಣಾಂಕ ಇನ್ನೂ ಹೆಚ್ಚುತ್ತದೆ.

ಗುಣಾಂಕ ಹೆಚ್ಚಿದಷ್ಟೂ ಅಡಗಿದ ದೋಷಗಳು ಹೊರಬರುವ ಸಂಭವ ಹೆಚ್ಚು. ಲ್ಯಾಬ್ರಡಾರ್ ಮೊದಲಾದ ತಳಿಗಳಲ್ಲಿ ಕ್ರಮೇಣ ಕುರುಡಾಗಿಸುವ ಅಕ್ಷಿಪಟಲದ ರೋಗವೊಂದಿದೆ. ದೋಷದ ಒಂದೇ ಪ್ರತಿ ಹೊತ್ತ ನಾಯಿಗೆ ಕಣ್ಣು ಚೆನ್ನಾಗಿಯೇ ಇರುತ್ತದೆ. ಅಂತಹ ಎರಡು ನಾಯಿಗಳು ಕೂಡಿದಾಗ ಪ್ರತಿ ಮರಿಯೂ ರೋಗಕ್ಕೀಡಾಗುವ ಸಂಭವ ನಾಲ್ಕರಲ್ಲಿ ಒಂದು. ಮರಿಗಳ ಸಂಖ್ಯೆ ಮತ್ತು ರೋಗನಿರೋಧಕ ಶಕ್ತಿ ಕುಗ್ಗುವುದೂ ಒಳಸಂಬಂಧದ ಪರಿಣಾಮವೇ. ಪ್ರದರ್ಶನಗಳಲ್ಲಿ ಗೆದ್ದ ಒಂದೇ ಗಂಡುನಾಯಿಯನ್ನು ಎಲ್ಲರೂ ಬಳಸತೊಡಗಿದರೆ ಮುಂದಿನ ತಲೆಮಾರುಗಳಲ್ಲಿ ಸಂಬಂಧವಿಲ್ಲದ ಜೋಡಿಯೇ ಸಿಗದ ಸ್ಥಿತಿ ಉಂಟಾಗುತ್ತದೆ.

ಖಾಲಿ ಮನೆಗಳ ಸಮಸ್ಯೆ

ದತ್ತಸಂಚಯವನ್ನು ಬಳಸುವವರು ಮುಖ್ಯವಾಗಿ ಗಮನಿಸಬೇಕಾದುದು ಗುಣಾಂಕ ಸೊನ್ನೆ ಎಂದು ಬಂದಾಗ. ಪೂರ್ವಜರ ಮನೆ ಖಾಲಿಯಿದ್ದರೆ ಗಣಕವು ಅಲ್ಲಿ ಸಂಬಂಧವಿಲ್ಲದ ನಾಯಿಯಿದೆ ಎಂದೇ ಭಾವಿಸಿ ಲೆಕ್ಕಮಾಡುತ್ತದೆ. ಮೇಲಿನ ಉದಾಹರಣೆಯಲ್ಲಿ ತಾಯಿಯ ತಂದೆಯ ಹೆಸರನ್ನು ಬರೆಯದೆ ಬಿಟ್ಟರೆ ಶೇ. 12.5 ಇದ್ದುದು ಸೊನ್ನೆಯಾಗುತ್ತದೆ. ನಾಯಿ ಅದೇ, ಅದರ ರಕ್ತವೂ ಅದೇ. ಬದಲಾದುದು ದಾಖಲೆ ಮಾತ್ರ. ದಾಖಲೆ ಬಡವಾದಷ್ಟೂ ನಾಯಿ ಆರೋಗ್ಯವಂತ ಕುಲದ್ದೆಂಬಂತೆ ತೋರುವುದು ಈ ಲೆಕ್ಕದ ವೈಚಿತ್ರ್ಯ.

ಆದ್ದರಿಂದ ಗುಣಾಂಕದ ಜೊತೆಗೆ ಅದು ಎಷ್ಟು ತಲೆಮಾರುಗಳ ಲೆಕ್ಕ, ಆ ತಲೆಮಾರುಗಳಲ್ಲಿ ಎಷ್ಟು ಮನೆಗಳು ತುಂಬಿವೆ ಎಂಬುದನ್ನೂ ನೋಡಬೇಕು. ಐದು ತಲೆಮಾರುಗಳ 62 ಮನೆಗಳಲ್ಲಿ 60 ತುಂಬಿರುವ ನಾಯಿಯ ಶೇ. 4ನ್ನು, 6 ಮನೆಗಳು ಮಾತ್ರ ತುಂಬಿರುವ ನಾಯಿಯ ಸೊನ್ನೆಯೊಂದಿಗೆ ಹೋಲಿಸಲಾಗದು.

ಮುಧೋಳ ನಾಯಿ

ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರು ಹೊತ್ತ ಈ ಬೇಟೆನಾಯಿ ನೀಳ ಕಾಲು, ಆಳವಾದ ಎದೆ, ಸಣ್ಣ ನಡು ಮತ್ತು ಉದ್ದ ಮೂತಿಯುಳ್ಳದ್ದು. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು, ವಿಶೇಷವಾಗಿ ಮಾಲೋಜಿರಾವ್ ಘೋರ್ಪಡೆ, ಈ ತಳಿಯನ್ನು ಪೋಷಿಸಿದರು. ಇಂಗ್ಲೆಂಡಿನ ದೊರೆ ಐದನೆಯ ಜಾರ್ಜನಿಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ನೀಡಲಾಯಿತೆಂಬುದು ಪ್ರಚಲಿತವಾದ ಸಂಗತಿ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ದೇಶೀಯ ನಾಯಿಗಳ ಅಂಚೆಚೀಟಿಗಳನ್ನು ಹೊರತಂದಾಗ ಅವುಗಳಲ್ಲಿ ಮುಧೋಳ ನಾಯಿಯೂ ಸೇರಿತ್ತು. ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆಯು ಮೊದಲು ನೋಂದಾಯಿಸಿದ ಮೂರು ದೇಶೀಯ ನಾಯಿತಳಿಗಳಲ್ಲಿ ಇದು ಒಂದು. ಉಳಿದೆರಡು ತಮಿಳುನಾಡಿನ ರಾಜಪಾಳಯಂ ಮತ್ತು ಚಿಪ್ಪಿಪಾರೈ.

ಸಂಸ್ಥೆ ಹೀಗೆ ನೋಂದಾಯಿಸುವುದು ತಳಿಯನ್ನೇ ಹೊರತು ಒಂದೊಂದು ನಾಯಿಯನ್ನಲ್ಲ. ಪ್ರತಿ ನಾಯಿಯ ವಂಶಾವಳಿ ಬೇರೆಯಾಗಿಯೇ ದಾಖಲಾಗಬೇಕು. ಇಲ್ಲಿ ಸಂಶೋಧಕರಿಗೆ ಹಲವು ತೊಡಕುಗಳಿವೆ. ಮೊದಲನೆಯದು ಹೆಸರಿನದು. ಕೆನಲ್ ಕ್ಲಬ್ ಆಫ್ ಇಂಡಿಯಾ ಈ ನಾಯಿಯನ್ನು ಕಾರವಾನ್ ಹೌಂಡ್ ಎಂಬ ಹೆಸರಿನಲ್ಲಿ ಗುರುತಿಸುತ್ತದೆ. ಮಹಾರಾಷ್ಟ್ರದ ಕಡೆ ಕರವಾನಿ ಎಂಬ ಹೆಸರೂ, ರೇಷ್ಮೆಯಂತಹ ಕೂದಲಿನ ಬಗೆಗೆ ಪಶ್ಮಿ ಎಂಬ ಹೆಸರೂ ಬಳಕೆಯಲ್ಲಿವೆ. ಮುಧೋಳ ಎಂದಷ್ಟೇ ಹುಡುಕಿದವರಿಗೆ ದಾಖಲೆಗಳ ಒಂದು ಭಾಗ ಮಾತ್ರ ದೊರೆಯುತ್ತದೆ. ಎರಡನೆಯದು ಕನ್ನಡ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಆಗುವ ವ್ಯತ್ಯಾಸ. ಕೆಂಚ, ಕೆಂಚ್ಯಾ, ಕೆಂಚಪ್ಪ ಎಂದು ಕರೆಸಿಕೊಳ್ಳುವ ಒಂದೇ ನಾಯಿ ಮೂರು ದಾಖಲೆಗಳಾಗಬಹುದು.

ಮೂರನೆಯದೂ ದೊಡ್ಡದೂ ಆದ ತೊಡಕು ಬರಹದ ಕೊರತೆ. ಮನೆತನಗಳ ಪೀಳಿಗೆಯನ್ನು ಊರೂರು ತಿರುಗಿ ಹೇಳುವ ಹೆಳವರ ಪರಂಪರೆ ಉತ್ತರ ಕರ್ನಾಟಕದಲ್ಲಿದೆ. ಆದರೆ ಹಳ್ಳಿಗಳಲ್ಲಿ ನಾಯಿಗಳ ಪೀಳಿಗೆ ಸಾಕಿದವರ ನೆನಪಿನಲ್ಲಿಯೇ ಉಳಿಯುತ್ತದೆ. ಮುಧೋಳದ ಸುತ್ತಿನ ಹಳ್ಳಿಯಲ್ಲಿ ಹುಟ್ಟಿದ ಮರಿಯೊಂದು ರಾಯಚೂರು ಜಿಲ್ಲೆಯ ಸಿಂಧನೂರಿಗೋ ಮಸ್ಕಿಗೋ ಮಾರಾಟವಾದರೆ ತಂದೆತಾಯಿಗಳ ಹೆಸರು ಹಿಂದೆಯೇ ಉಳಿಯುತ್ತದೆ. ಮುಂದೆ ಅದಕ್ಕೆ ಜೋಡಿ ಹುಡುಕುವಾಗ ಅದೇ ಊರಿನಿಂದ ಬಂದ ಮತ್ತೊಂದು ಮರಿ ಅದರ ಒಡಹುಟ್ಟೇ ಎಂಬುದು ಯಾರಿಗೂ ತಿಳಿಯದು. ಓಟದ ಆಸೆಗೆ ಗ್ರೇಹೌಂಡ್ ಬೆರಕೆ ಮಾಡಿದ ಮರಿಯೂ ಶುದ್ಧ ಮುಧೋಳವೆಂದೇ ಮಾರಾಟವಾಗಬಹುದು. ಒಳಸಂಬಂಧವೂ ಬೆರಕೆಯೂ ಪರಸ್ಪರ ವಿರುದ್ಧವಾದ ಅಪಾಯಗಳು. ದಾಖಲೆಯಿಲ್ಲದಲ್ಲಿ ಎರಡೂ ಒಟ್ಟಿಗೆ ಬೆಳೆಯುತ್ತವೆ. ಮರಿ ಮಾರಾಟವನ್ನು ಉಪಜೀವನವಾಗಿ ಅವಲಂಬಿಸಿದ ಕುಟುಂಬಗಳಿಗೆ ಇದರಿಂದ ನೇರ ನಷ್ಟ. ನಿಜವಾದ ಮರಿಗೂ ಬೆರಕೆ ಮರಿಗೂ ಒಂದೇ ಬೆಲೆ ಬಂದರೆ ಚೆನ್ನಾಗಿ ಸಾಕಿದವರ ಶ್ರಮಕ್ಕೆ ಫಲವಿರುವುದಿಲ್ಲ.

ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನೆ ಮತ್ತು ಮಾಹಿತಿ ಕೇಂದ್ರವು ಈ ತಳಿಯ ಸಂವರ್ಧನೆಯಲ್ಲಿ ತೊಡಗಿದೆ. 2016ರಲ್ಲಿ ಇಲ್ಲಿಂದ ಮರಿಗಳನ್ನು ತರಬೇತಿಗಾಗಿ ಮೀರತ್‌ನಲ್ಲಿರುವ ಸೇನೆಯ ಕೇಂದ್ರಕ್ಕೆ ಕಳುಹಿಸಲಾಯಿತು.

ತೆರೆದ ಮತ್ತು ಮುಚ್ಚಿದ ವಂಶಪುಸ್ತಕ

ತಂದೆತಾಯಿಗಳೆರಡೂ ಈಗಾಗಲೇ ನೋಂದಾಯಿತವಾಗಿದ್ದರೆ ಮಾತ್ರ ಮರಿಯನ್ನು ಸೇರಿಸುವ ಪದ್ಧತಿಯನ್ನು ಮುಚ್ಚಿದ ವಂಶಪುಸ್ತಕ ಎನ್ನುತ್ತಾರೆ. ಪೂರ್ವಜರು ತಿಳಿಯದಿದ್ದರೂ ಲಕ್ಷಣಗಳನ್ನು ಪರೀಕ್ಷಿಸಿ ಸೇರಿಸಿಕೊಳ್ಳುವುದು ತೆರೆದ ವಂಶಪುಸ್ತಕ. ಮುಚ್ಚಿದ ಪುಸ್ತಕಕ್ಕೂ ಮಿತಿಯುಂಟು. ಡಾಲ್ಮೇಷಿಯನ್ ತಳಿಯಲ್ಲಿ ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚಾಗುವ ದೋಷ ಬಹುತೇಕ ಎಲ್ಲ ನಾಯಿಗಳಿಗೂ ಹರಡಿತ್ತು. 1973ರಲ್ಲಿ ರಾಬರ್ಟ್ ಶೈಬಲ್ ಎಂಬ ತಳಿವಿಜ್ಞಾನಿ ಪಾಯಿಂಟರ್ ತಳಿಯ ನಾಯಿಯೊಂದನ್ನು ಒಮ್ಮೆ ಬೆರೆಸಿ, ಅನಂತರದ ತಲೆಮಾರುಗಳನ್ನು ಮರಳಿ ಡಾಲ್ಮೇಷಿಯನ್‌ಗಳೊಂದಿಗೇ ಕೂಡಿಸಿದನು. ಪಾಯಿಂಟರಿನ ಪಾಲು ಪ್ರತಿ ತಲೆಮಾರಿಗೂ ಅರ್ಧಕ್ಕಿಳಿಯಿತು. ದೋಷವಿಲ್ಲದ ಜೀನು ಮಾತ್ರ ಆಯ್ಕೆಯಿಂದ ಉಳಿಯಿತು. ದೀರ್ಘ ವಿವಾದದ ನಂತರ 2011ರಲ್ಲಿ ಅಮೆರಿಕದ ಕೆನಲ್ ಕ್ಲಬ್ ಈ ಸಂತತಿಯ ನೋಂದಣಿಗೆ ಒಪ್ಪಿತು. ಪ್ರತಿ ತಲೆಮಾರನ್ನೂ ಬರೆದಿಟ್ಟಿದ್ದರಿಂದಲೇ ಇದು ಸಾಧ್ಯವಾಯಿತು.

ಡಿಎನ್ಎ ಪರೀಕ್ಷೆ

2005ರಲ್ಲಿ ಬಾಕ್ಸರ್ ತಳಿಯ ನಾಯಿಯೊಂದರ ಸಂಪೂರ್ಣ ಜೀನ್ ಸಂಕುಲದ ವಿವರ ಪ್ರಕಟವಾದ ನಂತರ ನಾಯಿಗಳ ಡಿಎನ್ಎ ಪರೀಕ್ಷೆಗಳು ವೇಗವಾಗಿ ಬೆಳೆದವು. ತಂದೆತಾಯಿಗಳ ಹೆಸರು ಸರಿಯೇ ಎಂಬುದನ್ನು ಇವು ಖಚಿತಪಡಿಸಬಲ್ಲವು. ದಾಖಲೆಯಿಲ್ಲದ ನಾಯಿಯಲ್ಲಿಯೂ ಒಳಸಂಬಂಧವನ್ನು ಅಳೆಯಬಲ್ಲವು. ಆದರೆ ತಾಯಿ ಎಷ್ಟು ಬಾರಿ ಈದಿತು, ಎಷ್ಟು ಮರಿಗಳು ಉಳಿದವು, ಅಜ್ಜ ಯಾವ ವಯಸ್ಸಿನಲ್ಲಿ ಸತ್ತಿತು ಎಂಬುದನ್ನು ಇವು ಹೇಳಲಾರವು.

ಸಾಕಣೆದಾರರ ದಾಖಲೆ

ದತ್ತಸಂಚಯ ಎಷ್ಟೇ ದೊಡ್ಡದಾದರೂ ಅದರ ಮೂಲ ಸಾಕಿದವರ ಬರವಣಿಗೆ. ಒಂದು ಸೂಲಿನ ಬಗ್ಗೆ ಕನಿಷ್ಠ ತಂದೆ ಮತ್ತು ತಾಯಿಯ ಹೆಸರು, ಅವುಗಳ ಒಡೆಯರ ಊರು, ಕೂಡಿಸಿದ ದಿನಾಂಕ, ಈದ ದಿನಾಂಕ, ಗಂಡು ಹೆಣ್ಣು ಮರಿಗಳ ಸಂಖ್ಯೆ ಮತ್ತು ಬಣ್ಣ, ಸತ್ತ ಮರಿಗಳ ಸಂಖ್ಯೆ, ಪ್ರತಿ ಮರಿ ಯಾವ ಊರಿಗೆ ಹೋಯಿತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ತಂದೆ ಯಾವುದೆಂದು ತಿಳಿಯದಿದ್ದರೆ ಊಹೆಯ ಹೆಸರನ್ನು ಬರೆಯದೆ, ತಿಳಿಯದು ಎಂದೇ ನಮೂದಿಸುವುದು ಸರಿಯಾದ ಕ್ರಮ. ಖಾಲಿ ಮನೆಯನ್ನು ಮುಂದೆ ಡಿಎನ್ಎ ಪರೀಕ್ಷೆಯಿಂದ ತುಂಬಬಹುದು. ತಪ್ಪು ಹೆಸರು ತುಂಬಿದ ಮನೆಯಾದರೋ ಅನಂತರದ ಎಲ್ಲ ತಲೆಮಾರುಗಳ ದಾಖಲೆಯನ್ನೂ ತಪ್ಪಾಗಿಸುತ್ತದೆ.