ಪೋಸ್ಟ್‌ಪೇಯ್ಡ್ ಮೊಬೈಲ್ ಸಂಪರ್ಕವನ್ನು ಪ್ರೀಪೇಯ್ಡ್‌ಗೆ ಬದಲಾಯಿಸಿಕೊಳ್ಳುವ ಕುರಿತು ಸಾರ್ವಜನಿಕರಿಗೆ ಮಾಹಿತಿ (ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲ್ಲೂಕುಗಳು)

ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವಾಗ, ಸೇವಾ ಸಿಂಧುವಿನಲ್ಲಿ ನೋಂದಾಯಿಸಿಕೊಳ್ಳುವಾಗ, ಅಡಿಕೆ ಮತ್ತು ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸುವಾಗ ಅರ್ಜಿದಾರರಿಂದ ಮೊಬೈಲ್ ಸಂಖ್ಯೆಯನ್ನು ಪಡೆಯಲಾಗುತ್ತದೆ. ಒಮ್ಮೆ ನೀಡಿದ ಸಂಖ್ಯೆಯು ಆಧಾರ್, ಬ್ಯಾಂಕ್ ಖಾತೆ ಮುಂತಾದ ಹಲವು ದಾಖಲೆಗಳಲ್ಲಿ ಉಳಿದುಬಿಡುತ್ತದೆ. ಆದುದರಿಂದ ಮೊಬೈಲ್ ವೆಚ್ಚವನ್ನು ತಗ್ಗಿಸಲು ಬಯಸುವವರು ಹಣದ ಉಳಿತಾಯದಷ್ಟೇ ಎಚ್ಚರಿಕೆಯನ್ನು ಸಂಖ್ಯೆಯ ಉಳಿವಿನ ಬಗ್ಗೆಯೂ ವಹಿಸಬೇಕಾಗುತ್ತದೆ. ಈ ಎರಡನ್ನೂ ಸಾಧಿಸುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಘಟ್ಟದ ಮೇಲಿನ ಈ ಮೂರು ತಾಲ್ಲೂಕುಗಳಲ್ಲಿ ಮನೆಗಳು ತೋಟ, ಗದ್ದೆ ಮತ್ತು ಕಾಡಿನ ನಡುವೆ ಚದುರಿಕೊಂಡಿವೆ. ಒಂದು ಮನೆಯ ಜಗುಲಿಯಲ್ಲಿ ಸಿಗುವ ನೆಟ್‌ವರ್ಕ್ ಪಕ್ಕದ ಮನೆಯ ಅಂಗಳದಲ್ಲಿ ಸಿಗುವುದಿಲ್ಲ. 2020ರಲ್ಲಿ ಶಾಲಾ ಕಾಲೇಜುಗಳ ಪಾಠಗಳು ಅಂತರ್ಜಾಲದಲ್ಲಿ ನಡೆದಾಗ ವಿದ್ಯಾರ್ಥಿಗಳು ಪುಸ್ತಕ ಹಿಡಿದು ಗುಡ್ಡ ಹತ್ತಬೇಕಾಗಿ ಬಂದುದು ಎಲ್ಲರಿಗೂ ತಿಳಿದಿದೆ. ಇಂತಹ ಊರುಗಳಲ್ಲಿಯೂ ಪೋಸ್ಟ್‌ಪೇಯ್ಡ್ ಸಂಪರ್ಕಗಳಿವೆ. ರೀಚಾರ್ಜ್ ಮಾಡಿಸಲು ಪೇಟೆಗೇ ಬರಬೇಕಾಗಿದ್ದ ಕಾಲದಲ್ಲಿ, ತಿಂಗಳ ಬಿಲ್ಲನ್ನು ಬೆಂಗಳೂರಿನಲ್ಲಿರುವ ಮಕ್ಕಳು ಪಾವತಿಸಿದರೆ ಸಾಕು ಎಂಬ ಅನುಕೂಲಕ್ಕಾಗಿ ಪಡೆದ ಸಂಪರ್ಕಗಳು ಇವುಗಳಲ್ಲಿ ಸೇರಿವೆ. ಅಂದು ಅದು ತಕ್ಕ ನಿರ್ಧಾರವೇ ಆಗಿತ್ತು. ಇಂದು ಮಗನಾಗಲಿ ಮಗಳಾಗಲಿ ಇದ್ದಲ್ಲಿಂದಲೇ ತಂದೆತಾಯಿಯ ಪ್ರೀಪೇಯ್ಡ್ ಸಂಖ್ಯೆಗೆ ರೀಚಾರ್ಜ್ ಮಾಡಬಹುದಾಗಿರುವುದರಿಂದ ಆ ಅನುಕೂಲಕ್ಕೆ ಪ್ರತ್ಯೇಕ ಬೆಲೆ ತೆರಬೇಕಾದ ಕಾರಣ ಉಳಿದಿಲ್ಲ.

ವೆಚ್ಚದ ಲೆಕ್ಕ

ಪೋಸ್ಟ್‌ಪೇಯ್ಡ್ ಯೋಜನೆಗೆ ಪ್ರಕಟಿಸಲಾಗುವ ಮಾಸಿಕ ಬಾಡಿಗೆಯಲ್ಲಿ ಸಾಮಾನ್ಯವಾಗಿ ಸರಕು ಮತ್ತು ಸೇವಾ ತೆರಿಗೆ ಸೇರಿರುವುದಿಲ್ಲ, ಬಿಲ್ಲಿನಲ್ಲಿ ಶೇ. 18ರಷ್ಟು ತೆರಿಗೆಯನ್ನು ಪ್ರತ್ಯೇಕವಾಗಿ ಸೇರಿಸಲಾಗುತ್ತದೆ. ಪ್ರೀಪೇಯ್ಡ್ ವೋಚರಿನ ಬೆಲೆಯಲ್ಲಿ ತೆರಿಗೆ ಒಳಗೊಂಡಿರುತ್ತದೆ. ಎರಡು ದರಗಳನ್ನು ಹೋಲಿಸುವವರು ಮೊದಲು ಗಮನಿಸಬೇಕಾದ ಅಂಶ ಇದು.

ಉದಾಹರಣೆಗೆ, ಮಾಸಿಕ ಬಾಡಿಗೆ ರೂ. 449 ಎಂದಿರುವ ಪೋಸ್ಟ್‌ಪೇಯ್ಡ್ ಸಂಪರ್ಕಕ್ಕೆ ತೆರಿಗೆ ರೂ. 80.82 ಸೇರಿ ತಿಂಗಳಿಗೆ ರೂ. 529.82 ಆಗುತ್ತದೆ, ವರ್ಷಕ್ಕೆ ರೂ. 6,357.84. ರೂ. 299ರ 28 ದಿನಗಳ ಪ್ರೀಪೇಯ್ಡ್ ವೋಚರ್ ಬಳಸಿದರೆ ವರ್ಷದ ವೆಚ್ಚ ರೂ. 3,887. ಇಲ್ಲಿ 299ನ್ನು 12ರಿಂದ ಗುಣಿಸಿ ರೂ. 3,588 ಎಂದು ಲೆಕ್ಕ ಹಾಕುವುದು ತಪ್ಪು. 28 ದಿನಗಳೆಂದರೆ ತಿಂಗಳಲ್ಲ. ವರ್ಷ ತುಂಬಲು 13 ಬಾರಿ ರೀಚಾರ್ಜ್ ಮಾಡಿಸಬೇಕಾಗುತ್ತದೆ. ಈ ಬಗ್ಗೆ ಗ್ರಾಹಕರ ಆಕ್ಷೇಪಣೆಗಳು ಬಂದ ನಂತರ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು (ಟ್ರಾಯ್) 2022ರ ಜನವರಿಯಲ್ಲಿ ಆದೇಶ ಹೊರಡಿಸಿ, 30 ದಿನಗಳ ಅವಧಿಯ ವೋಚರುಗಳನ್ನೂ ಪ್ರತಿ ತಿಂಗಳು ಅದೇ ದಿನಾಂಕದಂದು ನವೀಕರಿಸಬಹುದಾದ ವೋಚರುಗಳನ್ನೂ ಪ್ರತಿ ಕಂಪನಿಯು ನೀಡಬೇಕೆಂದು ವಿಧಿಸಿತು. ಅಂಗಡಿಯಲ್ಲಿ ಕೇಳದ ಹೊರತು ಇವುಗಳನ್ನು ಯಾರೂ ತಾವಾಗಿ ತೋರಿಸುವುದು ವಿರಳ.

ಮನೆಯಲ್ಲಿ ಡೇಟಾ ಬಳಸದವರಿಗೆ ಇನ್ನೂ ಹೆಚ್ಚಿನ ಉಳಿತಾಯ ಸಾಧ್ಯವಿದೆ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ತನ್ನ ಗ್ರಾಹಕ ಸಂರಕ್ಷಣಾ ವಿನಿಯಮಗಳಿಗೆ ತಿದ್ದುಪಡಿ ತಂದು, ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಮೀಸಲಾದ ವೋಚರ್ ಒಂದನ್ನಾದರೂ ಪ್ರತಿ ಕಂಪನಿಯು ನೀಡುವುದನ್ನು ಕಡ್ಡಾಯಗೊಳಿಸಿತು. ವಿಶೇಷ ವೋಚರುಗಳ ಗರಿಷ್ಠ ಅವಧಿಯನ್ನು 90 ದಿನಗಳಿಂದ 365 ದಿನಗಳಿಗೆ ಹೆಚ್ಚಿಸಿತು. ಇದರನ್ವಯ 2025ರ ಜನವರಿಯಲ್ಲಿ ಖಾಸಗಿ ಕಂಪನಿಯೊಂದು 365 ದಿನಗಳ ಇಂತಹ ವೋಚರನ್ನು ರೂ. 1,849ಕ್ಕೂ, 84 ದಿನಗಳದ್ದನ್ನು ರೂ. 469ಕ್ಕೂ ಪ್ರಕಟಿಸಿತು. ಮೇಲಿನ ಪೋಸ್ಟ್‌ಪೇಯ್ಡ್ ವೆಚ್ಚದೊಂದಿಗೆ ಹೋಲಿಸಿದರೆ ವಾರ್ಷಿಕ ವೋಚರಿನಿಂದಾಗುವ ಉಳಿತಾಯ ರೂ. 4,500ಕ್ಕೂ ಅಧಿಕ. ಆದರೆ 84 ದಿನಗಳ ವೋಚರನ್ನು ನಾಲ್ಕು ಬಾರಿ ಹಾಕಿಸಿದರೆ 336 ದಿನಗಳಷ್ಟೇ ಆಗುತ್ತವೆ. ಉಳಿದ 29 ದಿನಗಳಿಗಾಗಿ ಐದನೆಯದು ಬೇಕು. ದರಗಳು ಆಗಿಂದಾಗ್ಗೆ ಬದಲಾಗುವುದರಿಂದ ಇಲ್ಲಿನ ಅಂಕಿಗಳನ್ನು ಲೆಕ್ಕದ ಕ್ರಮ ತಿಳಿಯಲು ಮಾತ್ರ ಬಳಸಿಕೊಂಡು, ಅಂದಂದಿನ ದರವನ್ನು ಟ್ರಾಯ್‌ನ ಜಾಲತಾಣದ ದರಪಟ್ಟಿ ಪುಟದಲ್ಲಿ ಪರಿಶೀಲಿಸಿಕೊಳ್ಳತಕ್ಕದ್ದು.

ಬೆಲೆಯನ್ನು ವೋಚರಿನ ದಿನಗಳಿಂದ ಭಾಗಿಸಿ ದಿನವೊಂದಕ್ಕೆ ತಗಲುವ ವೆಚ್ಚವನ್ನು ತೆಗೆದುಕೊಳ್ಳುವುದೇ ಹೋಲಿಕೆಗೆ ಸುಲಭ ಮಾರ್ಗ. 299ನ್ನು 28ರಿಂದ ಭಾಗಿಸಿದರೆ ದಿನಕ್ಕೆ ಸುಮಾರು ರೂ. 10.68, 1,849ನ್ನು 365ರಿಂದ ಭಾಗಿಸಿದರೆ ಸುಮಾರು ರೂ. 5.07.

ಯಾರಿಗೆ ಯಾವುದು ಸೂಕ್ತ

ಮನೆಗೆ ಫೈಬರ್ ಅಂತರ್ಜಾಲ ಸಂಪರ್ಕ ಪಡೆದಿರುವ ಕುಟುಂಬಗಳು ಹಳ್ಳಿಗಳಲ್ಲಿಯೂ ಈಗ ಹೆಚ್ಚುತ್ತಿವೆ. ಇವರು ಫೈಬರ್‌ಗೂ ಮೊಬೈಲ್ ಡೇಟಾಗೂ ಎರಡೆರಡು ಬಾರಿ ಹಣ ತೆರುತ್ತಿರುವ ಸಾಧ್ಯತೆ ಇರುತ್ತದೆ. ವೈಫೈ ಮೂಲಕ ಕರೆ ಮಾಡುವ ಸೌಲಭ್ಯವನ್ನು ಕಂಪನಿಯೂ ಕೈಯಲ್ಲಿರುವ ಫೋನೂ ನೀಡುತ್ತಿದ್ದಲ್ಲಿ, ನೆಟ್‌ವರ್ಕ್ ಇಲ್ಲದ ಮನೆಯೊಳಗೂ ಅದೇ ಸಂಖ್ಯೆಯಿಂದ ಮಾತನಾಡಬಹುದು. ಅಂತಹವರಿಗೆ ಕರೆ ಮತ್ತು ಎಸ್‌ಎಂಎಸ್ ಮಾತ್ರದ ವೋಚರ್ ಸಾಕಾಗಬಹುದು. ಆದರೆ ಶಿರಸಿ ಪೇಟೆಯ ಅಂಗಡಿಯಲ್ಲಿ ನಿಂತು ಫೋನಿನಿಂದ ಹಣ ಪಾವತಿಸುವವರಿಗೆ ಡೇಟಾ ಬೇಕೇ ಬೇಕು. ಕೇವಲ ಕರೆಯ ವೋಚರ್ ಇರುವಾಗ ಅದರ ಮೇಲೆ ಡೇಟಾ ವೋಚರ್ ಸೇರಿಸಲು ಅವಕಾಶವಿದೆಯೇ ಎಂಬುದನ್ನು ಹಣ ಕೊಡುವ ಮೊದಲೇ ವಿಚಾರಿಸಿಕೊಳ್ಳಬೇಕು.

ಒಂದೇ ಬಿಲ್ಲಿನಲ್ಲಿ ಕುಟುಂಬದ ಮೂರು ನಾಲ್ಕು ಸಂಖ್ಯೆಗಳು ಸೇರಿದ್ದು, ಎಲ್ಲರೂ ಡೇಟಾ ಬಳಸುತ್ತಿದ್ದರೆ ಪೋಸ್ಟ್‌ಪೇಯ್ಡ್ ದುಬಾರಿಯಾಗದೆಯೂ ಇರಬಹುದು. ಎಲ್ಲರೂ ಬದಲಾಯಿಸಿಕೊಳ್ಳಬೇಕೆಂಬುದು ಈ ಮಾಹಿತಿಯ ಉದ್ದೇಶವಲ್ಲ. ಹಿಂದಿನ ಮೂರು ಬಿಲ್ಲುಗಳನ್ನು ಮುಂದಿಟ್ಟುಕೊಂಡು ಎಷ್ಟು ಕರೆ, ಎಷ್ಟು ಡೇಟಾ ಬಳಕೆಯಾಗಿದೆ ಎಂದು ನೋಡಿದರೆ ಉತ್ತರ ತಾನಾಗಿ ದೊರೆಯುತ್ತದೆ. ಈಗಾಗಲೇ ಪ್ರೀಪೇಯ್ಡ್ ಹೊಂದಿರುವವರು ಹಿಂದಿನ ಆರು ತಿಂಗಳೊಳಗಿನ ಬಳಕೆಯ ವಿವರಪಟ್ಟಿಯನ್ನು ಕಂಪನಿಯಿಂದ ಕೇಳಿ ಪಡೆಯಬಹುದಾಗಿದ್ದು, ಅದಕ್ಕೆ ರೂ. 50ಕ್ಕಿಂತ ಹೆಚ್ಚಿನ ಶುಲ್ಕ ವಿಧಿಸುವಂತಿಲ್ಲ.

ಬದಲಾವಣೆಯ ವಿಧಾನ

ಅದೇ ಕಂಪನಿಯಲ್ಲಿ ಪೋಸ್ಟ್‌ಪೇಯ್ಡ್‌ನಿಂದ ಪ್ರೀಪೇಯ್ಡ್‌ಗೆ ಹೋಗುವಾಗ ಸಂಖ್ಯೆ ಬದಲಾಗುವುದಿಲ್ಲ. ಆಧಾರ್‌ನಲ್ಲಾಗಲಿ ಬ್ಯಾಂಕಿನಲ್ಲಾಗಲಿ ಏನನ್ನೂ ತಿದ್ದಿಸಬೇಕಾಗಿಲ್ಲ. ಹಿಂದೆ ಇದಕ್ಕಾಗಿ ದಾಖಲೆಗಳೊಂದಿಗೆ ಮಳಿಗೆಗೆ ಹೋಗಿ ಗುರುತಿನ ಪರಿಶೀಲನೆಯನ್ನು ಹೊಸದಾಗಿ ಮಾಡಿಸಬೇಕಾಗಿತ್ತು. ದೂರಸಂಪರ್ಕ ಇಲಾಖೆಯು 2021ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಆದೇಶದನ್ವಯ, ಮೊಬೈಲಿಗೆ ಬರುವ ಒಟಿಪಿಯನ್ನು ದೃಢೀಕರಿಸಿ ಮನೆಯಿಂದಲೇ ಬದಲಾವಣೆ ಪಡೆಯಬಹುದಾಗಿದೆ. ಬದಲಾವಣೆ ಹಿಡಿಸದಿದ್ದಲ್ಲಿ ಮೊದಲ ಬಾರಿಗೆ 30 ದಿನಗಳ ನಂತರ ಒಟಿಪಿ ಮೂಲಕವೇ ಹಿಂದಿರುಗಬಹುದು. 2025ರ ಜೂನ್‌ವರೆಗೆ ಈ ಅವಧಿ 90 ದಿನಗಳಾಗಿತ್ತು. ಆನಂತರದ ಬದಲಾವಣೆಗಳಿಗೆ 90 ದಿನಗಳ ಅಂತರ ಇಂದಿಗೂ ಅನ್ವಯಿಸುತ್ತದೆ.

ಅರ್ಜಿ ಸಲ್ಲಿಸುವ ಮೊದಲು ಬಾಕಿ ಬಿಲ್ಲನ್ನು ಪೂರ್ಣವಾಗಿ ಪಾವತಿಸಿ ರಸೀದಿ ಇಟ್ಟುಕೊಳ್ಳಬೇಕು. ಸಂಪರ್ಕ ಪಡೆಯುವಾಗ ಠೇವಣಿ ಕಟ್ಟಿದ್ದಲ್ಲಿ ಅದನ್ನು ಹಿಂದಿರುಗಿಸುವಂತೆ ಇಲ್ಲವೇ ಕೊನೆಯ ಬಿಲ್ಲಿಗೆ ಹೊಂದಿಸುವಂತೆ ಲಿಖಿತವಾಗಿ ಕೇಳಬೇಕು. ಹತ್ತು ಹದಿನೈದು ವರ್ಷಗಳ ಹಿಂದೆ ಕಟ್ಟಿದ ಠೇವಣಿ ಮರೆತುಹೋಗಿರುವುದು ಸಹಜ. ಬಿಲ್ ಪಾವತಿಗಾಗಿ ಬ್ಯಾಂಕಿಗೆ ಸ್ವಯಂ ಪಾವತಿ ಆದೇಶ ನೀಡಿದ್ದರೆ ಅದನ್ನೂ ರದ್ದುಪಡಿಸಬೇಕು.

ಬೇರೆ ಕಂಪನಿಗೆ ಹೋಗುವವರು ಇಂಗ್ಲಿಷಿನಲ್ಲಿ ಪೋರ್ಟ್ ಎಂದು ಬರೆದು, ಒಂದು ಸ್ಥಳ ಬಿಟ್ಟು, ತಮ್ಮ ಹತ್ತು ಅಂಕಿಗಳ ಸಂಖ್ಯೆಯನ್ನು 1900ಕ್ಕೆ ಎಸ್‌ಎಂಎಸ್ ಕಳುಹಿಸಬೇಕು. ಉತ್ತರವಾಗಿ ಬರುವ ಸಂಕೇತವು ಕರ್ನಾಟಕದಲ್ಲಿ ನಾಲ್ಕು ದಿನಗಳವರೆಗೆ ಸಿಂಧುವಾಗಿರುತ್ತದೆ. ಹಳೆಯ ಕಂಪನಿಯ ಕೊನೆಯ ಬಿಲ್ಲು ಬಾಕಿ ಉಳಿದರೆ ಹೊಸ ಕಂಪನಿಯಲ್ಲಿಯೂ ಸಂಪರ್ಕ ಕಡಿತವಾಗಬಹುದೆಂಬುದನ್ನು ಮರೆಯಬಾರದು. ಕಂಪನಿ ಆರಿಸುವಾಗ ದರಕ್ಕಿಂತ ಮೊದಲು ನೆಟ್‌ವರ್ಕ್ ನೋಡತಕ್ಕದ್ದು. ಕಂಪನಿಗಳು ತಮ್ಮ ಜಾಲತಾಣಗಳಲ್ಲಿ ವ್ಯಾಪ್ತಿ ನಕ್ಷೆಗಳನ್ನು ಪ್ರಕಟಿಸುತ್ತಿವೆಯಾದರೂ, ನಿಲ್ಕುಂದದಂತಹ ಘಟ್ಟದಂಚಿನ ಊರುಗಳಲ್ಲಿ ನಕ್ಷೆಗಿಂತ ನೆರೆಮನೆಯವರ ಫೋನೇ ಹೆಚ್ಚು ನಂಬಲರ್ಹ. ಹಿರಿಯರ ಕೈಯಲ್ಲಿರುವುದು ಹಳೆಯ ಗುಂಡಿ ಒತ್ತುವ 2ಜಿ ಫೋನಾಗಿದ್ದರೆ, 4ಜಿ ಮಾತ್ರ ನೀಡುವ ಕಂಪನಿಗೆ ಹೋದಾಗ ಆ ಫೋನು ಕೆಲಸ ಮಾಡುವುದಿಲ್ಲ; ಹೊಸ ಫೋನಿನ ಬೆಲೆ ಉಳಿತಾಯವನ್ನು ನುಂಗಿಹಾಕುತ್ತದೆ.

ಸಂಖ್ಯೆ ರದ್ದಾಗದಂತೆ ವಹಿಸಬೇಕಾದ ಎಚ್ಚರಿಕೆ

ಪೋಸ್ಟ್‌ಪೇಯ್ಡ್‌ನಲ್ಲಿ ಪಾವತಿ ತಡವಾದರೆ ನೋಟೀಸು, ಕರೆ, ಸಂದೇಶಗಳು ಬರುತ್ತವೆ. ಪ್ರೀಪೇಯ್ಡ್‌ನಲ್ಲಿ ಅವಧಿ ಮುಗಿದರೆ ಹೊರಹೋಗುವ ಕರೆ ನಿಲ್ಲುತ್ತದೆ, ಕೆಲವೇ ದಿನಗಳಲ್ಲಿ ಒಳಬರುವ ಕರೆ ಮತ್ತು ಸಂದೇಶಗಳೂ ನಿಲ್ಲುತ್ತವೆ. ಒಮ್ಮೆ ಹಣ ಹಾಕಿದರೆ ಜೀವಮಾನವಿಡೀ ಒಳಬರುವ ಕರೆ ಉಚಿತ ಎಂದು ಹಿಂದೆ ಮಾರಾಟವಾಗಿದ್ದ ಸಿಮ್‌ಗಳ ನೆನಪಿನಲ್ಲಿ ಇರುವವರು ಇದನ್ನು ವಿಶೇಷವಾಗಿ ಗಮನಿಸಬೇಕು. 2018ರ ಅಂತ್ಯದಿಂದ ಖಾಸಗಿ ಕಂಪನಿಗಳು ಒಳಬರುವ ಕರೆಗೂ ಕನಿಷ್ಠ ರೀಚಾರ್ಜ್ ಕೇಳಲಾರಂಭಿಸಿದವು.

ಟ್ರಾಯ್‌ನ 2013ರ ನಿಯಮದಂತೆ, 90 ದಿನಗಳಿಗಿಂತ ಕಡಿಮೆ ಅವಧಿಯ ಬಳಕೆಯಿಲ್ಲದಿರುವಿಕೆಗಾಗಿ ಪ್ರೀಪೇಯ್ಡ್ ಸಂಖ್ಯೆಯನ್ನು ರದ್ದುಪಡಿಸುವಂತಿಲ್ಲ. ಖಾತೆಯಲ್ಲಿ ಕನಿಷ್ಠ ರೂ. 20 ಉಳಿದಿದ್ದರೆ ಆ ಮೊತ್ತವನ್ನು ಕಡಿತಗೊಳಿಸಿ ಇನ್ನೂ 30 ದಿನ ಸಂಖ್ಯೆಯನ್ನು ಉಳಿಸಿಕೊಡಬೇಕು. ರದ್ದಾದ ನಂತರವೂ 15 ದಿನಗಳೊಳಗೆ ಶುಲ್ಕ ಪಾವತಿಸಿ ಅದೇ ಸಂಖ್ಯೆಯನ್ನು ಮರಳಿ ಪಡೆಯಬಹುದು. ಇದರಿಂದ ಉಳಿಯುವುದು ಸಂಖ್ಯೆ ಮಾತ್ರ, ಸೇವೆಯಲ್ಲ ಎಂಬುದು ಗಮನಾರ್ಹ. ಬೆಳೆ ವಿಮೆಯ ಸಂದೇಶವಾಗಲಿ ಬ್ಯಾಂಕಿನ ಒಟಿಪಿಯಾಗಲಿ ಆ ಅವಧಿಯಲ್ಲಿ ತಲುಪದೇ ಹೋಗಬಹುದು. ಪೂರ್ಣವಾಗಿ ರದ್ದಾದ ಸಂಖ್ಯೆಯನ್ನು ಕನಿಷ್ಠ 90 ದಿನಗಳ ನಂತರ ಬೇರೊಬ್ಬರಿಗೆ ಹಂಚಲಾಗುತ್ತದೆ. ಆಗ ಮನೆಯವರ ಖಾತೆಗೆ ಸಂಬಂಧಿಸಿದ ಸಂದೇಶಗಳು ಅಪರಿಚಿತರ ಫೋನಿಗೆ ಹೋಗುತ್ತವೆ.

ಆದ್ದರಿಂದ ಈ ಭಾಗದವರಿಗೆ ದೀರ್ಘಾವಧಿಯ ವೋಚರೇ ಲೇಸು, ಅದರ ದಿನವಹಿ ಬೆಲೆ ಒಂದಿಷ್ಟು ಹೆಚ್ಚಾಗಿದ್ದರೂ ಸಹ. ಮಳೆಗಾಲದಲ್ಲಿ ಗಾಳಿಗೆ ಮರಬಿದ್ದು ವಿದ್ಯುತ್ ಹೋದರೆ ಟವರಿನ ಬ್ಯಾಟರಿ ಮುಗಿದು ನೆಟ್‌ವರ್ಕ್ ನಿಲ್ಲುತ್ತದೆ. 2021ರ ಜುಲೈನಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಭೂಕುಸಿತ ಸಂಭವಿಸಿದಂತಹ ಸಂದರ್ಭಗಳಲ್ಲಿ ರೀಚಾರ್ಜ್‌ಗಾಗಿ ಪೇಟೆಗೆ ಬರುವುದೂ ಅಸಾಧ್ಯ. ವೋಚರಿನ ಅವಧಿ ಆಷಾಢ, ಶ್ರಾವಣದ ನಡುವೆ ಮುಗಿಯದಂತೆ ಮೇ ತಿಂಗಳೊಳಗೆ ರೀಚಾರ್ಜ್ ಮಾಡಿಸಿ, ಮುಗಿಯುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತಿಸಿಡುವುದು ಒಳಿತು.

ಸಂಪರ್ಕವು ಮೃತಪಟ್ಟ ಹಿರಿಯರ ಹೆಸರಿನಲ್ಲಿಯೇ ಮುಂದುವರಿದಿದ್ದರೆ ಬದಲಾವಣೆಗೆ ಮುನ್ನ ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳುವುದು ಸೂಕ್ತ. ತಮ್ಮ ಹೆಸರಿನಲ್ಲಿ ಎಷ್ಟು ಸಂಪರ್ಕಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು.

ದೂರುಗಳು

ಬದಲಾವಣೆಯ ನಂತರವೂ ಬಿಲ್ಲು ಬಂದರೆ, ಕೇಳದ ಸೇವೆಗೆ ಹಣ ಕಡಿತವಾದರೆ 198ಕ್ಕೆ ಕರೆ ಮಾಡಿ ದೂರು ದಾಖಲಿಸಿ ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಬೇಡದ ಮೌಲ್ಯವರ್ಧಿತ ಸೇವೆಗಳನ್ನು ನಿಲ್ಲಿಸಲು 155223 ಸಂಖ್ಯೆ ಇದೆ. ದೂರಿನ ಉತ್ತರ ಸಮಾಧಾನ ತರದಿದ್ದಲ್ಲಿ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. 39 ದಿನಗಳಲ್ಲಿ ಅದು ಇತ್ಯರ್ಥವಾಗಬೇಕು. ಜಿಲ್ಲೆಯಲ್ಲಿ 24 ಗಂಟೆಗಳಿಗೂ ಮೀರಿ ಸೇವೆ ಸ್ಥಗಿತಗೊಂಡಲ್ಲಿ ಪ್ರೀಪೇಯ್ಡ್ ಗ್ರಾಹಕರಿಗೆ ಅವಧಿ ವಿಸ್ತರಣೆ ನೀಡಬೇಕೆಂದು ಟ್ರಾಯ್‌ನ 2024ರ ಗುಣಮಟ್ಟ ವಿನಿಯಮಗಳು ವಿಧಿಸುತ್ತವೆ. ಒಂದು ಊರಿನ ಟವರ್ ಮಾತ್ರ ಕೆಟ್ಟರೆ, ಅಥವಾ ನೈಸರ್ಗಿಕ ವಿಕೋಪದಿಂದ ಸೇವೆ ನಿಂತರೆ ಇದು ಅನ್ವಯವಾಗುವುದಿಲ್ಲ.

ದೂರಸಂಪರ್ಕ ಸೇವೆಯ ವ್ಯಾಜ್ಯಗಳನ್ನು ಗ್ರಾಹಕ ನ್ಯಾಯಾಲಯಗಳೂ ವಿಚಾರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ. ಉತ್ತರ ಕನ್ನಡ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗವು ಕಾರವಾರದಲ್ಲಿದೆ. ಸೇವೆಗೆ ತೆತ್ತ ಮೊತ್ತ ರೂ. 5 ಲಕ್ಷ ಮೀರದ ದೂರುಗಳಿಗೆ ಶುಲ್ಕವಿಲ್ಲ. ದೂರಿನೊಂದಿಗೆ ಬಿಲ್ಲು, ರಸೀದಿ ಹಾಗೂ 198ರಲ್ಲಿ ಪಡೆದ ದೂರಿನ ಸಂಖ್ಯೆಯನ್ನು ಲಗತ್ತಿಸತಕ್ಕದ್ದು.